ದೇಶಕ್ಕೆ ನಿಲ್ಲುವ ಪ್ರಶ್ನೆ

ಮಾನ್ವಿಯ ಹೆಂಗಸರಿಗೆ ಇಂಗ್ಲಿಷ್ ಬೇಕಾದದ್ದು ಗೊಬ್ಬರದ ಕಂಪನಿಯಿಂದ. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ನಮ್ಮ ಕಡೆ ಗೊಬ್ಬರ, ಕ್ರಿಮಿನಾಶಕ ಮಾರುವ ಅಂಗಡಿಯವರು ಚೆನ್ನಾಗಿ ವ್ಯಾಪಾರ ಮಾಡಿದರೆ ಕಂಪನಿಯವರು ಅವರನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಮೊದಲೆಲ್ಲ ಗಂಡಸರಷ್ಟೇ ಬ್ಯಾಂಕಾಕಿಗೆ ಹೋಗಿ ಬಂದು, ಏನು ನೋಡಿದಿರಿ ಎಂದರೆ ದೇವಸ್ಥಾನ ನೋಡಿದೆವು ಎನ್ನುತ್ತಿದ್ದರು. ಹೆಂಗಸರಿಗೂ ಕಿವಿ ಇವೆಯಲ್ಲ. ಈ ಸಲ ವಿಯೆಟ್ನಾಂ ಎಂಬ ಸುದ್ದಿ ಬಂದಾಗ ನಾವೂ ಬರುವವರೇ ಎಂದು ಪಟ್ಟು ಹಿಡಿದರು. ಅವರ ಮುಂದಾಳು ನಮ್ಮ ಎದುರು ಮನೆಯ ಶಿವಗಂಗಾ. ಗಂಡ ಶಂಭುಲಿಂಗಪ್ಪನಿಗೆ ಅಕ್ಕಿ ಗಿರಣಿ, ಜೊತೆಗೆ ಗೊಬ್ಬರದ ಅಂಗಡಿ. ಶ್ರಾವಣದಲ್ಲಿ ದಿನಾ ಮಠದ ಪ್ರವಚನಕ್ಕೆ ಹೋಗಿ, ಮನುಷ್ಯರೆಲ್ಲ ಒಂದೇ ಎಂದು ಕೇಳಿ, ಕಣ್ಣೊರೆಸಿಕೊಂಡು ಬರುವ ಹೆಂಗಸು. ಆ ಕಣ್ಣೀರು ಸುಳ್ಳೆಂದು ನಾನು ಇಂದಿಗೂ ಹೇಳಲಾರೆ.

ನಾನು ಬಸವಂತಮ್ಮ. ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ಹಿಂಡಿಯೇ ನಿವೃತ್ತಳಾದವಳು. ನನ್ನನ್ನು ವಿಯೆಟ್ನಾಂಗೆ ಯಾರೂ ಕರೆದಿರಲಿಲ್ಲ. ಆದರೂ ಕ್ಲಾಸಿಗೆ ಸೇರಿದೆ. ಮನೆಯಲ್ಲಿ ಕೂತು ಧಾರಾವಾಹಿಯ ಅತ್ತೆ-ಸೊಸೆಯರ ಜಗಳ ನೋಡುವುದಕ್ಕಿಂತ ಅದು ವಾಸಿ ಅನ್ನಿಸಿತು.

ಕಲಿಸಲು ಬಂದವಳು ಮಲ್ಲಿಕಾ. ರಾಯಚೂರಿನಲ್ಲಿ ಓದಿ, ಮಾನ್ವಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಹುಡುಗಿ. ತೆಳ್ಳಗೆ, ಚುರುಕು. ನಗುವಾಗ ಮೊದಲು ಕಣ್ಣು ನಗುತ್ತಿದ್ದವು. ಶಿವಗಂಗಾ ತನ್ನ ಮನೆಯ ಮೇಲಿನ ಹಾಲನ್ನು ಕ್ಲಾಸಿಗೆ, ಪಕ್ಕದ ಕೋಣೆಯನ್ನು ಅವಳ ವಾಸಕ್ಕೆ ಬಿಟ್ಟುಕೊಟ್ಟಳು. ಕೀಲಿ ಕೊಡುವ ದಿನ ನಾನೂ ಅಲ್ಲೇ ಇದ್ದೆ.

"ಯಾವೂರವ್ವ ನಿಮ್ಮದು?" ಎಂದಳು ಶಿವಗಂಗಾ.

"ಗಬ್ಬೂರ್ರೀ, ದೇವದುರ್ಗ ತಾಲೂಕು."

"ಹೌದಾ? ಗಬ್ಬೂರಾಗ ನಮ್ಮ ಬೀಗರು ಅದಾರ. ಗಬ್ಬೂರಾಗ ಯಾರ ಪೈಕಿ..."

ಮಲ್ಲಿಕಾ ನಕ್ಕುಬಿಟ್ಟಳು. "ಅಕ್ಕಾರ, ನಿಮ್ಮ ಮೊದಲನೇ ಪಾಠ ಇಲ್ಲಿಂದಾನ ಶುರು ಆಯ್ತು ನೋಡ್ರಿ. ವಿಯೆಟ್ನಾಂದಾಗ ನಿಮ್ಮನ್ನ ಯಾರರ ಯಾರ ಪೈಕಿ ಅಂತ ಕೇಳ್ತಾರೇನು? ವೇರ್ ಆರ್ ಯು ಫ್ರಮ್ ಅಂತಾರ. ಐ ಆಮ್ ಇಂಡಿಯನ್ ಅಂತೀರಿ. ಅಲ್ಲಿಗೆ ಮುಗೀತು."

ಶಿವಗಂಗಾ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಅಷ್ಟ? ಮುಂದ ಏನೂ ಕೇಳಂಗಿಲ್ಲ?"

"ಅಷ್ಟ ರೀ."

"ಭಾಳ ಚಲೋ ಆತು ಬಿಡು," ಎಂದು ಶಿವಗಂಗಾ ಕೀಲಿ ಕೈಗಿಟ್ಟಳು.

ಮೊದಲ ವಾರ ನಾವು ಮಾಡಿದ ಫಜೀತಿ ಒಂದೆರಡಲ್ಲ. ನಮ್ಮ ಕಡೆ ಮದುವೆಯಾದ ಹೆಂಗಸಿಗೆ ಊರು ಒಂದಲ್ಲ, ಎರಡು. ಯಾವೂರು ಎಂದರೆ ತವರೂರು ಹೇಳಿ, ಕೊಟ್ಟ ಊರು ಹೇಳಿ, ಆಮೇಲೆ ಮನೆತನ ಹೇಳಿದರೇ ಉತ್ತರ ಪೂರ್ತಿ. ಮಲ್ಲಿಕಾ ಶಿವಗಂಗಾಳತ್ತ ಪ್ಲಾಸ್ಟಿಕ್ ಚೆಂಡು ಎಸೆದು "ವೇರ್ ಆರ್ ಯು ಫ್ರಮ್?" ಎಂದಳು. ಶಿವಗಂಗಾ ಚೆಂಡು ಹಿಡಿದು, ಸೆರಗು ಸರಿ ಮಾಡಿಕೊಂಡು, "ಐ ಆಮ್ ಬಾಗಲವಾಡ. ಗಿವನ್ ಟು ಮಾನ್ವಿ," ಎಂದಳು. ಬ್ಲೌಸ್ ಹೊಲಿಯುವ ಖತೀಜಾ ಬೀ ಬಿದ್ದು ಬಿದ್ದು ನಕ್ಕಳು. ತನ್ನ ಸರದಿ ಬಂದಾಗ ಅವಳೂ ತವರು ಮಸ್ಕಿ, ಕೊಟ್ಟದ್ದು ಮಾನ್ವಿ, ಮಾವನವರದು ಸುಣ್ಣದ ಭಟ್ಟಿ ಎಂದು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಪ್ಪಿಸಿದಳು.

ಇದಕ್ಕೆ ಮದ್ದು ಎಂದು ಮಲ್ಲಿಕಾ ರಟ್ಟಿನ ಚೀಟಿಗಳಿಗೆ ದಾರ ಕಟ್ಟಿ ತಂದಳು. ಒಂದೊಂದರ ಮೇಲೆ ಒಂದು ದೇಶ, ಅದರ ಬಾವುಟ. ಸೋಮವಾರ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು ಕೊರಳಿಗೆ ಹಾಕಿಕೊಳ್ಳಬೇಕು. ವಾರವಿಡೀ ಅದೇ ನಿಮ್ಮ ದೇಶ. ಖತೀಜಾ ಬೀ ಜಪಾನಿನವಳಾದಳು. ನನ್ನ ಹಣೆಬರಹಕ್ಕೆ ನಾರ್ವೆ ಬಂತು. ಮಾನ್ವಿಯ ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಐ ಆಮ್ ನಾರ್ವೀಜಿಯನ್ ಎನ್ನುವುದೆಂದರೆ ಮಾಡಿದ ಪಾಪಕ್ಕೆ ತಕ್ಕ ಶಿಕ್ಷೆ. "ಹಿ ಈಸ್", "ಶಿ ಈಸ್" ಎಲ್ಲ ಹೀಗೇ ಕಲಿತೆವು. ಶಿ ಈಸ್ ಜಪಾನೀಸ್ ಎಂದರೆ ಖತೀಜಾ ಬೀ ಎದ್ದುನಿಂತು ಸಲಾಮು ಹೊಡೆಯುತ್ತಿದ್ದಳು.

ಇದರ ಜೊತೆಗೆ ಒಂದು ಕಾಯಿದೆ. ಈ ಹಾಲಿನೊಳಗೆ ಯಾರೂ ಯಾರನ್ನೂ ದೇಶ ದಾಟಿ ಕೇಳಬಾರದು. ಊರು, ಓಣಿ, ಮನೆತನ, ಪೈಕಿ ಯಾವುದೂ ಕೂಡದು. ಕೇಳಿದವರಿಗೆ ದಂಡ. ಮಾರನೆಯ ದಿನ ಮನೆಯಿಂದ ಮಂಡಕ್ಕಿಗೆ ಒಗ್ಗರಣೆ ಹಾಕಿದ ಮಂಡಾಳ ಒಗ್ಗರಣಿ, ಮಿರ್ಚಿ ಮಾಡಿಕೊಂಡು ಬರಬೇಕು. ಅದನ್ನು ದೊಡ್ಡ ಪರಾತಕ್ಕೆ ಸುರಿದು ಎಲ್ಲರೂ ಸುತ್ತ ಕೂತು ತಿನ್ನಬೇಕು. ದಂಡ ತೆತ್ತವಳು ಮೊದಲ ತುತ್ತು ತಿನ್ನಬೇಕು, ಆಗಲೇ ತಪ್ಪು ತೀರಿತು ಎಂದು ಲೆಕ್ಕ.

ಕಾಯಿದೆ ಮಾಡಿದವಳು ಮಲ್ಲಿಕಾ, ಕಾವಲಿಗೆ ನಿಂತವಳು ಶಿವಗಂಗಾ. ಹೊಸದಾಗಿ ಬಂದ ಪೋಸ್ಟಾಫೀಸಿನವರ ಸೊಸೆಯನ್ನು ನಾನು ಚಟಕ್ಕೆ "ನೀವು ಯಾವ ಪೈಕಿ?" ಎಂದುಬಿಟ್ಟೆ. ಶಿವಗಂಗಾ ಚಪ್ಪಾಳೆ ತಟ್ಟಿ ಎದ್ದಳು. "ಟೀಚರ್ ದೇಶ ದಾಟಿದರು! ನಾಳೆ ಒಗ್ಗರಣಿ!" ಮೆಣಸಿನಕಾಯಿ ಬಜ್ಜಿ ಕರಿಯುವುದರೊಳಗೆ ನನ್ನ ಸೊಂಟ ಬಿದ್ದುಹೋಯಿತು. ಆದರೂ ಆ ಪರಾತದ ಸುತ್ತ ಎಲ್ಲರೂ ಕೂತಾಗ, ಶಿವಗಂಗಾ ತನ್ನ ಮಿರ್ಚಿ ಮುರಿದು ಅರ್ಧ ಮಲ್ಲಿಕಾಳ ಕೈಗಿಟ್ಟಾಗ, ನನಗೆ ಏನೋ ಹಿತವೆನಿಸಿತು. ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಓದಿಸಿದ್ದೆ. ಮಧ್ಯಾಹ್ನ ಅವೇ ಮಕ್ಕಳು ಯಾರ ಪಕ್ಕ ಯಾರು ಉಣ್ಣಲು ಕೂರುತ್ತಾರೆಂದೂ ನೋಡಿದ್ದೆ.

ಒಂದು ಸಂಜೆ ಮಾಳಿಗೆ ಮೇಲೆ ಸಂಡಿಗೆ ತೆಗೆಯುತ್ತಾ ನಾವು ಮೂವರೇ ಇದ್ದೆವು. ಶಿವಗಂಗಾ ಕೇಳಿದಳು, "ತಂಗೀ, ಈ ದೇಶದ ಆಟ ನಿನಗ ಎಲ್ಲಿಂದ ಹೊಳೀತು?"

ಮಲ್ಲಿಕಾ ಹೇಳಿದಳು. ಅಪ್ಪ ರಾಮಣ್ಣ, ಅವ್ವ ಆದೆಮ್ಮ ವರ್ಷಕ್ಕೆ ಅರ್ಧ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವಳನ್ನು ದೇವದುರ್ಗದ ಹಾಸ್ಟೆಲಿಗೆ ಹಾಕಿದ್ದರು. ರಜೆ ಬಂದರೆ ಬಸ್ಸು ಹತ್ತಿಸಿ ಪುಣೆಗೆ ಕರೆಸಿಕೊಳ್ಳುತ್ತಿದ್ದರು.

"ಗಬ್ಬೂರಾಗ ಇದ್ರ ಯಾವ ಓಣಿ ಅಂತ ಕೇಳ್ತಾರ್ರೀ. ದೇವದುರ್ಗಕ್ಕ ಬಂದ್ರ ಯಾವೂರು ಅಂತಾರ. ರಾಯಚೂರಾಗ ಯಾವ ತಾಲೂಕು ಅಂತಾರ. ಪುಣೆದಾಗ ಆ ತಗಡಿನ ಶೆಡ್ಡುಗಳಾಗ ಬಿಹಾರದವ್ರು, ಒಡಿಶಾದವ್ರು ಇದ್ರು. ಅವ್ರು ನನ್ನ ಕೇಳಿದ್ರು, ಯಾವ ರಾಜ್ಯ ಅಂತ. ಕರ್ನಾಟಕ ಅಂದೆ. ಅಷ್ಟಕ್ಕ ಬಾ ಆಡಾಕ ಅಂದ್ರು. ದೂರ ಹೋದಂಗ ಹೋದಂಗ ಪ್ರಶ್ನಿ ಸಣ್ಣದಾಗ್ತದ್ರೀ ಅಕ್ಕಾ. ಇಂಗ್ಲಿಷ್ ಪುಸ್ತಕದಾಗ ಈ ದೇಶದ ಪಾಠ ಬಂದಾಗ ನನಗ ಭಾಳ ಖುಷಿ ಆಗಿತ್ತು. ಇಷ್ಟ ಕೇಳಿ ಬಿಡೋ ಮಂದಿ ಎಲ್ಲೋ ಅದಾರಲ್ಲ ಅಂತ."

ಶಿವಗಂಗಾ ಸಂಡಿಗೆ ಬಿಟ್ಟು ಅವಳ ತಲೆ ಸವರಿದಳು. "ಇಲ್ಲೂ ಅದಾರವ್ವ. ಈ ಮನಿಯಾಗ ನಿನ್ನ ಯಾರೂ ಏನೂ ಕೇಳಂಗಿಲ್ಲ," ಎಂದಳು. ಆಗಲೂ ಅವಳ ಕಣ್ಣು ಒದ್ದೆಯಾಗಿದ್ದವು.

ಆ ಮಾತನ್ನು ನಂಬಿ ಮಲ್ಲಿಕಾ ಶಾಲೆಯ ಕೆಲಸ ಬಿಟ್ಟಳು. ಕಾಲೇಜು ಹುಡುಗಿಯರದೊಂದು ಸಂಜೆ ಕ್ಲಾಸು ಶುರುವಾಯಿತು. ಶಿವಗಂಗಾಳೇ ಮುಂದೆ ನಿಂತು ಬೋರ್ಡು ಬರೆಸಿ ಗೇಟಿಗೆ ತೂಗುಹಾಕಿಸಿದಳು. 'ಮಲ್ಲಿಕಾ ಸ್ಪೋಕನ್ ಇಂಗ್ಲಿಷ್'. ಹಳದಿ ಬಣ್ಣ, ಕೆಂಪು ಅಕ್ಷರ. ಮಲ್ಲಿಕಾ ಅದರ ಫೋಟೊ ತೆಗೆದು ಅವ್ವನಿಗೆ ಕಳಿಸಿದಳು. ಆದೆಮ್ಮನಿಗೆ ಅಕ್ಷರ ಬಾರದು. ಅದರ ಮೇಲೆ ಕಣ್ಣೂ ಮಂಜಾಗಿದ್ದವು. ಬೋರ್ಡಿನ ಬಣ್ಣವಷ್ಟೇ ಕಂಡಿತಂತೆ.

ಹಾಗಾಗಿ ಮಲ್ಲಿಕಾ ಅವ್ವನನ್ನು ರಾಯಚೂರಿಗೆ ಕರೆಸಿ ಕಣ್ಣು ತೋರಿಸಿ ಚಾಳೀಸು, ಅಂದರೆ ಕನ್ನಡಕ, ಮಾಡಲು ಹಾಕಿದಳು. ಅದು ಸಿದ್ಧವಾಗಿ ಮಲ್ಲಿಕಾಳ ಕೈಗೆ ಬಂದ ವಾರವೇ ಶಿವಗಂಗಾ ಗಬ್ಬೂರಿನ ಬೀಗರ ಮನೆಯ ಮದುವೆಗೆ ಹೊರಟಳು.

"ತಂಗೀ, ನಿಮ್ಮೂರಿಗೆ ಹೊಂಟೀನಿ. ನಿಮ್ಮವ್ವಗ ಏನರ ಕೊಡೋದಿದ್ರ ಕೊಡು. ನಾನ ಹೋಗಿ ಮಾತಾಡಿಸಿಕೊಂಡು ಬರ್ತೀನಿ."

ಮನೆ ಎಲ್ಲಿ ಎಂದು ಹೇಳಿದರೆ ಉಳಿದದ್ದೆಲ್ಲ ಹೇಳಿದಂತೆಯೇ. ನಮ್ಮ ಊರುಗಳಲ್ಲಿ ಓಣಿಯ ಹೆಸರೆಂದರೆ ಜಾತಿಯ ಹೆಸರು. ಮಲ್ಲಿಕಾ ಯಾವತ್ತೂ ಸುಳ್ಳು ಹೇಳಿದವಳಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಈಗಲೂ ಮರೆಮಾಚಲಿಲ್ಲ.

"ಅಕ್ಕಾ, ಬಸ್ ಸ್ಟ್ಯಾಂಡ್ ದಾಟಿ ಕೆಳಗ ಇಳದ್ರ ಕೇರಿ ಬರ್ತದ. ಬೇವಿನ ಗಿಡದ ಹತ್ರ ಮೂರನೇ ಮನಿ. ಆದೆಮ್ಮ ಅಂದ್ರ ಯಾರರ ತೋರಸ್ತಾರ," ಎಂದು ಚಾಳೀಸಿನ ಡಬ್ಬಿ ಕೈಗೆ ಕೊಟ್ಟಳು.

ಶಿವಗಂಗಾಳ ಮುಖ ನೋಡಲು ನಾನು ಅಲ್ಲಿರಲಿಲ್ಲ. ಮಲ್ಲಿಕಾಳೇ ಹೇಳಿದ್ದು, ಅಕ್ಕ ಡಬ್ಬಿ ಚೀಲಕ್ಕೆ ಹಾಕಿಕೊಂಡು ಆಯ್ತವ್ವ ಅಂದರು ಅಂತ. ಆ ದಿನವೆಲ್ಲ ಹುಡುಗಿ ಹಾಡು ಗುನುಗುತ್ತಾ ಓಡಾಡಿದಳು. ಮುಚ್ಚಿಡುವ ಭಾರವೊಂದು ಇಳಿದುಹೋಗಿತ್ತು, ಪಾಪ.

ಮದುವೆಯಿಂದ ಬಂದ ಶಿವಗಂಗಾ "ಕೊಟ್ಟೀನಿ, ಆರಾಮ ಅದಾರ" ಎಂದಷ್ಟೇ ಹೇಳಿ ಕೆಳಗಿಳಿದಳು.

ಮಾರನೆಯ ದಿನ ಕ್ಲಾಸಿನ ನಡುವೆ ಎಂದಿನಂತೆ ಚಹಾ ಬಂತು. ದಿನಾ ಸ್ಟೀಲಿನ ಲೋಟದಲ್ಲಿ ಬರುತ್ತಿದ್ದದ್ದು ಅಂದು ಪೇಪರ್ ಕಪ್ಪಿನಲ್ಲಿ ಬಂತು. ನಮಗೆಲ್ಲರಿಗೂ, ಶಿವಗಂಗಾಳಿಗೂ. ಲೋಟ ತೊಳೆಯುವ ರಗಳೆ ತಪ್ಪಿತು ಎಂದು ನಾನು ಪೆದ್ದಿಯಂತೆ ಹೊಗಳಿದೆ. ಮಲ್ಲಿಕಾ ಕಪ್ಪನ್ನು ಕೈಯಲ್ಲಿ ಹಿಡಿದು ನೋಡಿದಳು, ತುಟಿಗೆ ಮುಟ್ಟಿಸಲಿಲ್ಲ. ಪಾಠ ಮುಂದುವರಿಸಿದಳು. ಅಂದು ಅವಳು ಎಸೆದ ಚೆಂಡು ಎರಡು ಸಲ ಗೋಡೆಗೆ ಬಡಿಯಿತು.

ಕ್ಲಾಸು ಬಿಟ್ಟ ಮೇಲೆ ನನ್ನನ್ನು ತಡೆದು ನಿಲ್ಲಿಸಿ ಅವ್ವನಿಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಆದೆಮ್ಮನ ದನಿ ನನಗೂ ಕೇಳಿಸಿತು.

"ಯಾರೂ ಬಂದಿಲ್ಲ ಬೇ. ಒಬ್ಬ ಆಟೋದಾಂವ ಬಂದಿದ್ದ. ಹೊರಗ ನಿಂತು ನನ್ನ ಹೆಸರು ಕೂಗಿ, ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಹೋದ. ನಿಮ್ಮಕ್ಕ ಬರ್ತಾಳಂತ ನಾ ಅಂಗಳ ಸಾರಿಸಿ ಕುಂತಿದ್ದೆ. ಚಾಕ್ಕ ಹಾಲು ತರಿಸಿಟ್ಟಿದ್ದೆ."

"ಕಣ್ಣು ಕಾಣಾಕತ್ತಾವೇನಬೇ?"

"ಕಾಣ್ತಾವ ಯವ್ವಾ. ಎಲ್ಲಾ ನಿಚ್ಚಳ ಕಾಣ್ತಾವ."

ಮಲ್ಲಿಕಾ ಫೋನು ಇಟ್ಟು ಗೋಡೆಗೆ ಒರಗಿದಳು. "ಟೀಚರ್ರೀ, ಕೇರಿಗೆ ಬರೋದು ಬ್ಯಾಡಾಗಿದ್ರ ಮೊದಲ ಹೇಳಬೇಕಿತ್ತು. ನಮ್ಮವ್ವ ಅಂಗಳ ಸಾರಿಸ್ತಿದ್ದಿಲ್ಲ," ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ತಡೆಯಲಾಗಲಿಲ್ಲ, ನೇರ ಕೆಳಗಿಳಿದು ಶಿವಗಂಗಾಳ ಅಡುಗೆಮನೆಗೆ ನುಗ್ಗಿದೆ. "ಏನವ್ವ, ಈ ಪೇಪರ್ ಕಪ್ಪಿನ ಆಟ?"

ಅವಳು ಹುಳಿ ಕಲಕುತ್ತಾ ತಿರುಗಿ ನೋಡದೆ ಹೇಳಿದಳು. "ನಿಮಗ ಗೊತ್ತಿಲ್ಲೇನ್ರೀ ಟೀಚರ್? ಆಕಿ ಕೇರಿಯಾಕಿ. ಈ ಒಲಿ ತನಾ ಬಂದಾಳ. ನಮ್ಮತ್ತಿ ಪೂಜಿ ಮಾಡೋ ಮನಿ ಇದು. ಆಕಿ ಮೊದಲ ಹೇಳಬೇಕಿತ್ತೋ ಇಲ್ಲೋ? ತಂಗಿ ಅಂತ ಇಟ್ಕೊಂಡೆ. ನನಗ ಮೋಸ ಮಾಡ್ಯಾಳ."

"ಆಕಿ ಮೋಸ ಮಾಡ್ಯಾಳಾ? ಕೇಳಬಾರದಂತ ಮಂದಿಗೆಲ್ಲ ದಂಡ ಹಾಕಿದಾಕಿ ನೀನ. ಕೇಳಂಗಿಲ್ಲ ಅಂತ ತಲಿ ಸವರಿದಾಕಿ ನೀನ. ತಾನಾಗೇ ಹೇಳಿದ್ಲಲ್ಲ ಆ ಕೂಸು, ನಿನ್ನ ನಂಬಿ!"

"ಆಟದಾಗ ಅಂದದ್ದು ಬ್ಯಾರೆ, ಮನಿ ಬ್ಯಾರೆ ರೀ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ನೊಂದವಳ ದನಿ ಅದು. ಅದೇ ನನಗೆ ಹೆಚ್ಚು ಉರಿಯಿತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಕತ್ತು ಕೊಯ್ಯುವವರಿಗೆ ತಾವು ಕೊಯ್ದದ್ದೇ ತಿಳಿಯುವುದಿಲ್ಲ.

ಮೇಲಿನ ಹಾಲಿಗೆ ಬಣ್ಣ ಹಚ್ಚಿಸಬೇಕು, ಊರಿನಿಂದ ನೆಂಟರು ಬರುತ್ತಾರೆ, ಕೋಣೆಯೂ ಬೇಕು ಎಂದು ಕೆಲವೇ ದಿನಗಳಲ್ಲಿ ಹೇಳಿ ಕಳಿಸಿದಳು. ಎದುರು ಬಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಮಲ್ಲಿಕಾ ಮಾನ್ವಿಯಲ್ಲಿ ಬೇರೆ ಜಾಗ ಹುಡುಕಿದಳು. ಸುದ್ದಿ ಅವಳಿಗಿಂತ ಮೊದಲೇ ಪ್ರತಿ ಮನೆಗೂ ಮುಟ್ಟಿತ್ತು. ಖತೀಜಾ ಬೀ ತನ್ನ ಹೊಲಿಗೆ ಅಂಗಡಿಯನ್ನೇ ಬಿಟ್ಟುಕೊಡುತ್ತೇನೆಂದಳು. ಅಲ್ಲಿ ಮಷೀನು ಬಿಟ್ಟರೆ ಇಬ್ಬರು ನಿಲ್ಲಲೂ ಜಾಗವಿಲ್ಲ. ನನ್ನ ಮನೆಯಲ್ಲಿ ನಡೆಸು ಎಂದೆ ನಾನು. "ಎದುರ ಮನಿ ಗೇಟು ನೋಡ್ಕೋತ ನನಗ ಪಾಠ ಹೇಳಾಕ ಆಗಂಗಿಲ್ಲ ಟೀಚರ್ರೀ," ಎಂದಳು.

ಕೊನೆಯ ಕ್ಲಾಸಿಗೆ ಅರ್ಧ ಜನ ಬರಲಿಲ್ಲ. ಶಿವಗಂಗಾ ಬಂದಿದ್ದಳು. ವಿಯೆಟ್ನಾಂ ಹತ್ತಿರವಾಗಿತ್ತಲ್ಲ. ಮಲ್ಲಿಕಾ ಎಲ್ಲರತ್ತ ಒಂದು ಸುತ್ತು ಚೆಂಡು ಎಸೆದು, ಕೊನೆಗೆ ಅವಳ ಮುಂದೆ ನಿಂತಳು.

"ವೇರ್ ಆರ್ ಯು ಫ್ರಮ್?"

"ಐ ಆಮ್ ಫ್ರಮ್ ಇಂಡಿಯಾ. ಐ ಆಮ್ ಇಂಡಿಯನ್." ಒಂದೂ ತಪ್ಪಿಲ್ಲದೆ, ತಡವರಿಸದೆ ಹೇಳಿದಳು.

"ವೆರಿ ಗುಡ್. ನಿಮಗ ಪಾಠ ಬಂತು," ಎಂದು ಮಲ್ಲಿಕಾ ಎಲ್ಲರ ಕೊರಳಿನಿಂದ ದೇಶಗಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಬೋರ್ಡು ಬಿಚ್ಚಲು ನಾನೂ ಖತೀಜಾ ಬೀಯೂ ಕೈ ಹಚ್ಚಿದೆವು. ರಾಯಚೂರಿನ ಬಸ್ಸಿನಲ್ಲಿ ಅದನ್ನು ಮಡಿಲಿಗೆ ಅಡ್ಡ ಹಿಡಿದು ಕೂತು ಹೋದಳು.

ವಿಯೆಟ್ನಾಂಗೆ ಹೋದವರು ಟೋಪಿ, ಚಾಕಲೇಟು, ಸಾವಿರ ಫೋಟೊ ತಂದರು. ಶಿವಗಂಗಾ ಮಾತ್ರ ಯಾಕೋ ಸಪ್ಪಗಿದ್ದಳು. ಒಂದು ದಿನ ನನ್ನ ಮನೆಗೆ ಬಂದು ಕೂತಳು.

"ಟೀಚರ್ರೀ, ಅಲ್ಲಿ ದೋಣಿಯಾಗ ಒಬ್ಬ ಮುದುಕಿ ನನ್ನ ಕೇಳಿದ್ಲು, ವೇರ್ ಆರ್ ಯು ಫ್ರಮ್ ಅಂತ. ಐ ಆಮ್ ಇಂಡಿಯನ್ ಅಂದೆ. ಅಷ್ಟಕ್ಕ ತನ್ನ ಬುಟ್ಟಿಯಾಗಿನ ಹಣ್ಣು ಸುಲದು ನನ್ನ ಕೈಯಾಗ ಇಟ್ಲು. ಮಲ್ಲಿಕಾ ನೆನಪಾದ್ಲು. ಅಳು ಬಂತ್ರೀ." ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. "ನಾ ದೇಶ ದಾಟಿದೆ. ದಂಡ ಕಟ್ಟಿಬರ್ತೀನಿ. ನನ್ನ ಕರಕೊಂಡು ಹೋಗ್ರಿ."

ನಾನು ಕರಗಿಹೋದೆ. ಮುದುಕಿಯಾದರೂ ನನಗೆ ಬುದ್ಧಿ ಬಂದಿಲ್ಲ ನೋಡಿ. ಗುರುವಾರ ಬೆಳಿಗ್ಗೆ ಅವಳೇ ಒಗ್ಗರಣಿ ಕಲಸಿ, ಮಿರ್ಚಿ ಕರಿದು ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿದಳು. ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲೆ ಬೆಚ್ಚಗಿತ್ತು.

ರಾಯಚೂರಿನ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮಲ್ಲಿಕಾಳ ಕೋಣೆ. ಹಳದಿ ಬೋರ್ಡು ಬಾಗಿಲ ಮೇಲಿತ್ತು. ಆದೆಮ್ಮ ಮಗಳ ಬಳಿ ಬಂದಿದ್ದಳು, ಕಣ್ಣಿಗೆ ಅದೇ ಚಾಳೀಸು. ಶಿವಗಂಗಾ ಡಬ್ಬಿ ಮುಂದೆ ಚಾಚಿ, "ತಂಗೀ, ದಂಡ ತಂದೀನಿ," ಎಂದಳು.

ಮಲ್ಲಿಕಾಳ ಮುಖದಲ್ಲಿ ಹಳೆಯ ನಗು ಒಂದಿಷ್ಟು ಬಂತು, ಕಣ್ಣಿನಿಂದಲೇ ಶುರುವಾಗಿ. ಒಳಗಿನಿಂದ ಪರಾತ ತಂದು, ಒಗ್ಗರಣಿ ಸುರಿದು, ನಡುವೆ ಮಿರ್ಚಿ ಜೋಡಿಸಿದಳು. ಆದೆಮ್ಮ ಕೈ ತೊಳೆದುಕೊಂಡು ಬಂದು ಒಂದು ಬದಿಗೆ ಕೂತಳು. ನಾನು ಕೂತೆ.

"ಬರ್ರೀ ಅಕ್ಕಾ. ದಂಡ ಕಟ್ಟಿದವ್ರದು ಮೊದಲ ತುತ್ತು."

ಶಿವಗಂಗಾ ಪರಾತ ನೋಡಿದಳು. ಆದೆಮ್ಮನ ಕೈ ನೋಡಿದಳು. ಬಾಗಿಲಲ್ಲೇ ನಿಂತು, "ನೀವು ತಿನ್ರವ್ವ. ನನಗ ಇವತ್ತು ಒಪ್ಪತ್ತು ಅದ," ಎಂದಳು.

ಅವಳ ಒಪ್ಪತ್ತು ಸೋಮವಾರ. ಎದುರು ಮನೆಯಲ್ಲಿದ್ದು ನನಗೆ ಗೊತ್ತಿಲ್ಲವೇ? ಅಂದು ಗುರುವಾರ, ಬೆಳಿಗ್ಗೆ ನನ್ನ ಮುಂದೆಯೇ ರೊಟ್ಟಿ ತಿಂದು ಹೊರಟಿದ್ದಳು. ಮಲ್ಲಿಕಾಳಿಗೂ ಗೊತ್ತಿತ್ತು, ಅಷ್ಟು ದಿನ ಅದೇ ಮನೆಯಲ್ಲಿದ್ದವಳು. ಆದೆಮ್ಮ ಒಬ್ಬಳಿಗೆ ಗೊತ್ತಿರಲಿಲ್ಲ. "ಒಪ್ಪತ್ತು ಮಾಡಿ ಇಷ್ಟು ದೂರ ಬಂದೀಯಲ್ಲ ಯವ್ವಾ, ಒಂದು ಬಾಳೆಹಣ್ಣರ ತಿನ್ನು," ಎಂದು ಹುಡುಕಲು ಎದ್ದಳು. ಅದೂ ಬೇಡ ಎಂದಳು ಶಿವಗಂಗಾ.

ನಾನು ತಿಂದೆ. ಹಟಕ್ಕೆ ತಿಂದೆ, ಎರಡು ಮಿರ್ಚಿ ಹೆಚ್ಚಿಗೆ ತಿಂದೆ. ಮಲ್ಲಿಕಾ ಒಂದು ಕಾಳನ್ನೂ ಮುಟ್ಟಲಿಲ್ಲ. ಡಬ್ಬಿ ತೊಳೆದು ತಂದಳು. ಬೇರೆಯವರ ಪಾತ್ರೆ ಬರಿದಾಗಿ ಕಳಿಸಬಾರದಲ್ಲ, ಆದೆಮ್ಮ ಅದಕ್ಕೆ ಒಂದು ಹಿಡಿ ಸಕ್ಕರೆ ಹಾಕಿದಳು.

"ದಂಡ ಹಂಗ ಉಳೀತ್ರೀ ಶಿವಗಂಗಮ್ಮಾರ," ಎಂದು ಮಲ್ಲಿಕಾ ಡಬ್ಬಿ ಕೈಗಿಟ್ಟಳು. ಅಕ್ಕಾ ಎನ್ನಲಿಲ್ಲ.

ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ನಲ್ಲಿಯ ಹತ್ತಿರ ಬಂದಾಗ ಶಿವಗಂಗಾ ಡಬ್ಬಿಯ ಮುಚ್ಚಳ ತೆಗೆದು ಸಕ್ಕರೆಯನ್ನು ಮೋರಿಗೆ ಸುರುವಿದಳು. ನೀರು ಹಿಡಿದು ಒಮ್ಮೆ ತೊಳೆದಳು, ಮತ್ತೊಮ್ಮೆ ತೊಳೆದಳು. ನಾನು ನೋಡುತ್ತಿದ್ದದ್ದು ಗೊತ್ತಾಗಿ, "ಇರುವಿ ಹತ್ತತಾವ್ರೀ," ಎಂದಳು. ಅವಳ ಕಣ್ಣಲ್ಲಿ ಮತ್ತೆ ನೀರು ತುಂಬಿತ್ತು.

ಮಾನ್ವಿ ಬಸ್ಸು ಬಂತು. ಅವಳು ಹತ್ತಿ ನನಗೆಂದು ಪಕ್ಕದಲ್ಲಿ ಜಾಗ ಹಿಡಿದಳು. ನಾನು ಕೆಳಗೇ ನಿಂತೆ, ಮುಂದಿನ ಬಸ್ಸಿಗೆ ಬಂದೆ.